ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಸಿಗಬೇಕಾದ್ದನ್ನು ಕೇಳಿ ಪಡೆಯುವುದು ಹೇಗೆ?

ನಮ್ಮೂರಿನ ಶಾಲೆಗೆ ರ‍್ಯಾಂಪ್ ಇತ್ತು. ಆದರೆ ಕೈ ಹಿಡಿಯಲು ಸರಳು ಇರಲಿಲ್ಲ. ಆಟಿಯ ಮಳೆಗೆ ಅದರ ಮೇಲೆ ಹಸಿರು ಪಾಚಿ ಕಟ್ಟುತ್ತಿತ್ತು. ಎಡಗಾಲಿಗೆ ಆಧಾರಕ್ಕೆ ಕ್ಯಾಲಿಪರ್ ಪಟ್ಟಿ ಹಾಕಿಕೊಂಡು ನಡೆಯುವ ನನ್ನ ಮಗಳು ಅಲ್ಲಿ ಎರಡು ಸಲ ಜಾರಿ ಬಿದ್ದಳು. ಆಮೇಲೆ ಅವಳ ಗೆಳತಿಯರೇ ಅವಳನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿಸುತ್ತಿದ್ದರು. ಯಾರಾದರೂ ರಜೆ ಹಾಕಿದ ದಿನ ಇವಳು ಮಧ್ಯಾಹ್ನದವರೆಗೆ ಶೌಚಾಲಯಕ್ಕೆ ಹೋಗದೆ ಕೂರುತ್ತಿದ್ದಳು. ಅದು ನನಗೆ ಗೊತ್ತಾಗಿದ್ದೇ ತುಂಬಾ ತಡವಾಗಿ.

ಎರಡು ವರ್ಷ ನಾನು ಬಾಯಲ್ಲಿ ಕೇಳಿದೆ. ಗೇಟಿನ ಹತ್ತಿರ ಟೀಚರ್‌ಗೆ ಹೇಳಿದೆ. ಸ್ವಾತಂತ್ರ್ಯ ದಿನಾಚರಣೆಗೆ ಹೋದಾಗ ಹೆಡ್‌ಮಾಸ್ಟ್ರಿಗೆ ಹೇಳಿದೆ. ಒಂದು ಮದುವೆ ಮನೆಯಲ್ಲಿ ಸಿಕ್ಕಿದ ಪಂಚಾಯತ್ ಸದಸ್ಯರಿಗೂ ಹೇಳಿದೆ. ಎಲ್ಲರೂ "ಆಯ್ತು, ನೋಡುವ" ಅಂದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಹೇಳಿದ ಮಾತು ಅಲ್ಲಲ್ಲೇ ಕರಗಿ ಹೋಗುತ್ತಿತ್ತು, ಅಷ್ಟೇ. ಕೊನೆಗೆ ಒಂದು ಹಾಳೆಯಲ್ಲಿ ಏಳೆಂಟು ಸಾಲು ಬರೆದು ಕೊಟ್ಟೆ. ಅದರ ಪ್ರತಿಗೆ ಸಹಿ, ಸೀಲು ಹಾಕಿಸಿಕೊಂಡೆ. ನಾಲ್ಕು ತಿಂಗಳಲ್ಲಿ ಸರಳು ಬಂತು.

ಆ ಮೇಲೆ ಅಕ್ಕಪಕ್ಕದ ಮನೆಯವರು, ಪರಿಚಯದವರು ತಮ್ಮ ಮಕ್ಕಳ ವಿಷಯಕ್ಕೆ ನನ್ನನ್ನು ಕೇಳಲು ಶುರು ಮಾಡಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಯ ಸರ್ಕಾರಿ ಶಾಲೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದು. ಕಾನೂನು ಮಾತ್ರ ಎಲ್ಲ ಕಡೆಗೂ ಒಂದೇ.

ಮೊದಲು: ಇದು ಉಪಕಾರವಲ್ಲ, ಹಕ್ಕು ಎಂದು ತಿಳಿದುಕೊಳ್ಳಿ

ನಮ್ಮಲ್ಲಿ ತುಂಬಾ ಜನ ಶಾಲೆಗೆ ಹೋಗಿ ಕೈ ಮುಗಿದು ಕೇಳುತ್ತಾರೆ. "ಸ್ವಲ್ಪ ಉಪಕಾರ ಮಾಡಿ ಟೀಚರೇ" ಅನ್ನುತ್ತಾರೆ. ಮರ್ಯಾದೆಯಿಂದ ಕೇಳುವುದು ಒಳ್ಳೆಯದೇ. ಆದರೆ ಉಪಕಾರ ಅಂತ ಕೇಳಿದ್ದಕ್ಕೆ "ಈ ವರ್ಷ ಆಗಲಿಕ್ಕಿಲ್ಲ" ಅಂದರೆ ನಾವು ಸುಮ್ನೆ ವಾಪಸ್ ಬರುತ್ತೇವೆ. ಹಕ್ಕು ಅಂತ ಗೊತ್ತಿದ್ದರೆ ಮುಂದಿನ ಪ್ರಶ್ನೆ ಕೇಳುತ್ತೇವೆ.

ಎರಡು ಕಾಯ್ದೆಗಳ ಹೆಸರು ನೆನಪಿಟ್ಟುಕೊಂಡರೆ ಮುಕ್ಕಾಲು ಪಾಲು ಸಾಕು. ಒಂದು, 2009ರ ಶಿಕ್ಷಣ ಹಕ್ಕು ಕಾಯ್ದೆ. ಎಲ್ಲರೂ ಆರ್‌ಟಿಇ ಅನ್ನುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರ್‌ಟಿಇ ಅಂದ ಕೂಡಲೇ ನಮ್ಮ ಕಡೆ ಖಾಸಗಿ ಶಾಲೆಯ ಶೇ. 25 ಸೀಟು ಮಾತ್ರ ನೆನಪಾಗುತ್ತದೆ. ಅದು ಆ ಕಾಯ್ದೆಯ ಒಂದು ತುಂಡು ಮಾತ್ರ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ, ಶಾಲೆಯ ಕಟ್ಟಡ ಹೇಗಿರಬೇಕು, ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಮಗುವನ್ನು ಹೊಡೆಯಬಾರದು, ಶಾಲೆಯಿಂದ ಹೊರಗೆ ಹಾಕಬಾರದು, ಇವೆಲ್ಲ ಅದರಲ್ಲೇ ಇದೆ. ಇನ್ನೊಂದು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಇದು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಇದರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದಾರೆ. ಕಣ್ಣು, ಕಿವಿ, ಕೈಕಾಲಿನ ತೊಂದರೆ ಮಾತ್ರವಲ್ಲ, ಆಟಿಸಂ, ಓದು ಬರಹದಲ್ಲಿ ತೊಡಕಾಗುವ ಕಲಿಕಾ ನ್ಯೂನತೆ, ಹಿಮೋಫಿಲಿಯಾ, ಥಲಸ್ಸೇಮಿಯಾ ಕೂಡ ಸೇರಿವೆ. ಆರ್‌ಟಿಇ 14 ವರ್ಷಕ್ಕೆ ನಿಲ್ಲುತ್ತದೆ. ಆದರೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವ ಮಗುವಿಗೆ ಈ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದು. "ಇಂಥ ಮಕ್ಕಳಿಗೆ ವಿಶೇಷ ಶಾಲೆ ಇದೆಯಲ್ವಾ, ಅಲ್ಲಿಗೆ ಸೇರಿಸಿ" ಎಂದು ಹತ್ತಿರದ ಶಾಲೆ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಮೂರನೆಯದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಅದರ ಮಾತು ಮುಂದೆ ಬರುತ್ತದೆ.

ದಾಖಲಾತಿಯಲ್ಲೇ ತಡೆದರೆ

ಮಲ್ಪೆ ಬಂದರಿನಲ್ಲಿ, ಮಂಗಳೂರಿನ ಧಕ್ಕೆಯಲ್ಲಿ, ಎಲ್ಲೆಲ್ಲೂ ಏಳುತ್ತಿರುವ ಫ್ಲ್ಯಾಟ್‌ಗಳ ಕೆಲಸದಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದ, ಹೊರ ರಾಜ್ಯಗಳಿಂದ ಬಂದ ಎಷ್ಟೋ ಕುಟುಂಬಗಳಿವೆ. ಅವರ ಮಕ್ಕಳು ವರ್ಷದ ನಡುವೆ ಬರುತ್ತಾರೆ. ಟಿಸಿ ಇರುವುದಿಲ್ಲ, ಜನನ ಪ್ರಮಾಣಪತ್ರ ಊರಲ್ಲೇ ಉಳಿದಿರುತ್ತದೆ. ನಿಮ್ಮ ಮನೆ ಹತ್ತಿರ ಇಂಥ ಮಗು ಶಾಲೆಗೆ ಹೋಗದೆ ಕೂತಿದ್ದರೆ, ದಯವಿಟ್ಟು ಅದರ ಅಪ್ಪ ಅಮ್ಮನ ಜೊತೆ ನೀವೂ ಒಮ್ಮೆ ಶಾಲೆಗೆ ಹೋಗಿ. ಭಾಷೆ ಗೊತ್ತಿರುವ ಒಬ್ಬರು ಪಕ್ಕದಲ್ಲಿ ನಿಂತರೆ ಅವರಿಗೆ ಎಷ್ಟೋ ಧೈರ್ಯ.

ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವ ಹಾಗಿಲ್ಲ. ಅದು ಆರ್‌ಟಿಇಯ 14ನೇ ಸೆಕ್ಷನ್. ಟಿಸಿ ಬರುವುದು ತಡವಾದರೂ ಸೇರಿಸಿಕೊಳ್ಳಬೇಕು. ಅದು 5ನೇ ಸೆಕ್ಷನ್. ಅವಧಿ ಮುಗಿಯಿತು ಎಂದೂ ವಾಪಸ್ ಕಳಿಸುವಂತಿಲ್ಲ, ಅದು 15ನೇ ಸೆಕ್ಷನ್. ಶಾಲೆಗೇ ಹೋಗದ ಒಂಬತ್ತು ವರ್ಷದ ಮಗುವನ್ನು ಒಂದನೇ ತರಗತಿಯಲ್ಲಿ ಪುಟ್ಟ ಮಕ್ಕಳ ಜೊತೆ ಕೂರಿಸಬೇಕಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು ಅನ್ನುತ್ತದೆ 4ನೇ ಸೆಕ್ಷನ್. ಆಧಾರ್ ಇಲ್ಲದಿದ್ದರೆ? ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಇಷ್ಟನ್ನು ಜಗಳದ ದನಿಯಲ್ಲಿ ಹೇಳಬೇಕಾಗಿಲ್ಲ. ಎಷ್ಟೋ ಸಲ ಕಂಪ್ಯೂಟರ್‌ನಲ್ಲಿ ಎಂಟ್ರಿ ಹೇಗೆ ಮಾಡುವುದು ಎಂಬ ಗೊಂದಲವೇ ತೊಡಕು. "ಮೊದಲು ಮಗು ತರಗತಿಯಲ್ಲಿ ಕೂರಲಿ ಟೀಚರೇ, ದಾಖಲೆ ತರಿಸುವ ಕೆಲಸ ನಾವು ಮಾಡುತ್ತೇವೆ" ಅಂದರೆ ಹೆಚ್ಚಿನವರು ಒಪ್ಪುತ್ತಾರೆ.

ಒಂದು ದಿನ ಶಾಲೆಯನ್ನು ಸರಿಯಾಗಿ ನೋಡಿ

ದೂರುವ ಮೊದಲು ನೋಡಬೇಕು. ಒಂದು ನೋಟ್‌ಬುಕ್ ಹಿಡಿದು ಹೋಗಿ. ಮಳೆಗಾಲದಲ್ಲಿ ಹೋದರೆ ಇನ್ನೂ ಒಳ್ಳೆಯದು, ನಮ್ಮ ಕರಾವಳಿಯ ಶಾಲೆಯ ನಿಜವಾದ ಸ್ಥಿತಿ ಗೊತ್ತಾಗುವುದು ಆಗಲೇ.

ರ‍್ಯಾಂಪ್ ಇದ್ದರೆ ಅಳತೆ ನೋಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು ಎಂಬುದು ನಿಯಮ. ಮೂರು ಮೆಟ್ಟಿಲಿನ ಎತ್ತರಕ್ಕೆ ಐದಾರು ಅಡಿಯ ರ‍್ಯಾಂಪ್ ಕಟ್ಟಿದ್ದರೆ ಗಾಲಿಕುರ್ಚಿಯ ಮಗು ಅದನ್ನು ಒಬ್ಬನೇ ಹತ್ತಲಾರ. ಸರಳು ಇದೆಯಾ, ಮೇಲ್ಮೈ ಒರಟಾಗಿದೆಯಾ, ಪಾಚಿ ಕಟ್ಟಿದೆಯಾ ನೋಡಿ. ರ‍್ಯಾಂಪ್ ಇಳಿದ ಮೇಲೆ ಶೌಚಾಲಯದವರೆಗೆ ದಾರಿ ಇದೆಯಾ ಅಥವಾ ಕೆಸರು ದಾಟಬೇಕಾ? ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆವರಣ ಗೋಡೆ, ಅಡೆತಡೆಯಿಲ್ಲದ ಪ್ರವೇಶ, ಇವೆಲ್ಲ ಆರ್‌ಟಿಇಯ ಅನುಸೂಚಿಯಲ್ಲೇ ಇವೆ. ಶೌಚಾಲಯಕ್ಕೆ ಬೀಗ ಹಾಕಿದ್ದರೆ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ. ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕರೆದು "ನೀನು ಶಾಲೆಯಲ್ಲಿ ನೀರು ಕುಡಿಯುತ್ತೀಯಾ?" ಎಂದು ಕೇಳಿ ನೋಡಿ. ಶೌಚಾಲಯ ಸರಿ ಇಲ್ಲದ ಕಡೆ ಹೆಣ್ಣುಮಕ್ಕಳು ನೀರೇ ಕುಡಿಯುವುದಿಲ್ಲ.

ಶಿಕ್ಷಕರ ಲೆಕ್ಕವನ್ನೂ ಬರೆದುಕೊಳ್ಳಿ. ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಇರಬೇಕು. ವಿಶೇಷ ಅಗತ್ಯದ ಮಕ್ಕಳಿಗಾದರೆ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು, ಅದರ ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಕಟ್ಟಡ ನೋಡಿ ಆದ ಮೇಲೆ ಮಧ್ಯಾಹ್ನದ ಬಿಸಿಯೂಟಕ್ಕೆ ನಿಲ್ಲಿ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಭೇದಭಾವ ಯಾವ ರಿಜಿಸ್ಟರ್‌ನಲ್ಲೂ ಬರೆದಿರುವುದಿಲ್ಲ. ಅದು ಸಾಲಿನಲ್ಲಿ ಕಾಣುತ್ತದೆ. ಯಾರು ಯಾರ ಪಕ್ಕ ಕೂರುತ್ತಾರೆ? ಒಂದೇ ಮಗುವಿಗೆ ಬೇರೆ ತಟ್ಟೆ ಯಾಕೆ? ಬಡಿಸುವವರು ಎಲ್ಲರಿಗೂ ಒಂದೇ ಥರ ಬಡಿಸುತ್ತಾರಾ? ಗುಡಿಸುವ, ಶೌಚಾಲಯ ತೊಳೆಯುವ ಕೆಲಸ ಪ್ರತಿ ಸಲ ಅವೇ ಮಕ್ಕಳಿಗೆ ಬೀಳುತ್ತದಾ? ಕೊರಗ ಬುಡಕಟ್ಟಿನವರ ಹಾಡಿಯಿಂದ ಬರುವ ಮಗು ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂತಿದೆಯಾ? ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ ಮಾತಾಡುವ ಮಗು ತರಗತಿಯಲ್ಲಿ ಆ ಭಾಷೆಯ ಒಂದು ಪದ ಆಡಿದರೆ ಬೈಗುಳ ತಿನ್ನುತ್ತದಾ? ಇವನ್ನೆಲ್ಲ ಕಣ್ಣಾರೆ ನೋಡಿ, ತಾರೀಕು ಹಾಕಿ ಬರೆದುಕೊಳ್ಳಿ. ಕೇಳಿದ ಸುದ್ದಿ ಬೇರೆ, ನೋಡಿದ್ದು ಬೇರೆ. ಮುಂದೆ ಯಾರಾದರೂ ವಿಚಾರಣೆಗೆ ಬಂದರೆ ನಿಮ್ಮ ತಾರೀಕು ಹಾಕಿದ ಸಾಲಿಗೆ ಬೆಲೆ ಇರುತ್ತದೆ.

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. 19ನೇ ಶತಮಾನದ ಕೊನೆಯಲ್ಲಿ ದಲಿತ ಮಕ್ಕಳಿಗಾಗಿ ಇದೇ ಊರಿನಲ್ಲಿ ಶಾಲೆ ತೆರೆದು, ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದವರು ಅವರು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ತಂದಿದ್ದು 2000ದಲ್ಲಿ. ಅಂದರೆ ನಿನ್ನೆ ಮೊನ್ನೆ ಅನ್ನುವಷ್ಟು ಹತ್ತಿರ. ಬಿಸಿಯೂಟದ ಸಾಲನ್ನು ನೋಡುವಾಗ ನನಗೆ ಇವೆರಡೂ ನೆನಪಾಗುತ್ತವೆ.

ಕಾಯಬಾರದ ವಿಷಯಗಳು

ಮುಂದೆ ಹೇಳುವ ಅರ್ಜಿ, ಸಭೆ, ಗಡುವು ಯಾವುದೂ ಇವಕ್ಕೆ ಅನ್ವಯಿಸುವುದಿಲ್ಲ. ಅದಕ್ಕೇ ಇಲ್ಲೇ ಹೇಳಿಬಿಡುತ್ತೇನೆ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂಬ ಅನುಮಾನ ಬಂದರೆ ಆ ದಿನವೇ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಇಲ್ಲವೇ ಪೊಲೀಸ್ ಠಾಣೆಗೆ ಹೋಗಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಿದ್ದೂ ತಿಳಿಸದೆ ಇರುವುದೇ ಅಪರಾಧ. "ಶಾಲೆಯ ಮರ್ಯಾದೆ ಹೋಗುತ್ತದೆ, ಇಲ್ಲೇ ಮುಗಿಸುವ" ಎಂದು ಯಾರು ಹೇಳಿದರೂ ಕೇಳಬೇಡಿ.

ಹೊಡೆತದಿಂದ ಗಾಯವಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ವೈದ್ಯರ ಬಳಿ ದಾಖಲೆ ಮಾಡಿಸಿ. ಆಮೇಲೆ 1098. ದೈಹಿಕ ಶಿಕ್ಷೆ ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ಆರ್‌ಟಿಇಯ 17ನೇ ಸೆಕ್ಷನ್ ನಿಷೇಧಿಸಿದೆ. ಎಲ್ಲರೆದುರು ಜಾತಿ ಎತ್ತಿ ಬೈಯುವುದು, ಅಂಗವೈಕಲ್ಯವನ್ನೇ ಹೆಸರಾಗಿ ಕರೆಯುವುದು ಶಿಸ್ತು ಕಲಿಸುವುದಲ್ಲ.

ಜಾತಿಯ ಕಾರಣಕ್ಕೆ ಮಗುವನ್ನು ಬೇರೆ ಕೂರಿಸಿದರೆ, ಬೇರೆ ತಟ್ಟೆ ಕೊಟ್ಟರೆ, ಅದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಶಾಲೆಗೆ ಸೇರಿಸಿಕೊಳ್ಳದಿರುವುದು ಮಾತ್ರವಲ್ಲ, ಸೇರಿಸಿಕೊಂಡ ಮೇಲೆ ಭೇದ ಮಾಡುವುದೂ ಅದರಲ್ಲಿ ಬರುತ್ತದೆ. ಎಷ್ಟೋ ಸಂದರ್ಭಗಳಲ್ಲಿ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸುತ್ತದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಇಂಥ ಪ್ರಕರಣಗಳಿಗಾಗಿಯೇ ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ, ಅದರ ಘಟಕ ಮಂಗಳೂರಿನಲ್ಲೂ ಇದೆ. ಸಮಾಜ ಕಲ್ಯಾಣ ಇಲಾಖೆಯ ತಾಲೂಕು ಕಚೇರಿಗೂ ತಿಳಿಸಿ.

ಮಗುವಿನ ಕಾಗದ ಪತ್ರ

ವಿಕಲಚೇತನ ಮಗುವಿಗೆ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ ಮಾಡಿಸಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ತಪಾಸಣೆಗೆ ದಕ್ಷಿಣ ಕನ್ನಡದವರು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗುವುದು ವಾಡಿಕೆ. ನಿಮ್ಮ ಗ್ರಾಮ ಪಂಚಾಯತ್‌ನಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಎಂದರೆ ಪಂಚಾಯತ್‌ನಲ್ಲಿ ಗೊತ್ತಾಗುತ್ತದೆ. ಅರ್ಜಿ ಹಾಕಿಸುವುದು ಅವರ ಕೆಲಸ. ಒಂದು ದಿನ ಅವರನ್ನು ಮನೆಗೆ ಕರೆಯಿರಿ.

ಕಾರ್ಡ್ ಬರುವವರೆಗೆ ಶಾಲೆ ಏನೂ ಮಾಡಬೇಕಾಗಿಲ್ಲ ಎಂದಲ್ಲ. ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು, ತರಗತಿಯನ್ನು ಕೆಳಗಿನ ಮಹಡಿಗೆ ತರಲು, ದೊಡ್ಡ ಅಕ್ಷರದಲ್ಲಿ ಬರೆದುಕೊಡಲು ಯಾವ ಪ್ರಮಾಣಪತ್ರವೂ ಬೇಕಿಲ್ಲ.

ಕಲಿಕಾ ನ್ಯೂನತೆಯ ಮಕ್ಕಳ ಕಥೆ ಬೇರೆ. ಇವರಿಗೆ ನೋಡಲು ಏನೂ ತೊಂದರೆ ಕಾಣುವುದಿಲ್ಲ. ಮಾತು ಚುರುಕು, ಲೆಕ್ಕ ಬಾಯಲ್ಲೇ ಹೇಳುತ್ತಾರೆ, ಬರೆಯಲು ಕೂತರೆ ಅಕ್ಷರ ತಿರುವು ಮುರುವು. "ಸೋಮಾರಿ" ಅನ್ನಿಸಿಕೊಂಡೇ ಐದಾರು ವರ್ಷ ಕಳೆದುಬಿಡುತ್ತಾರೆ. ಮೂರನೇ ತರಗತಿಯಲ್ಲಿ ಅಥವಾ ಎಂಟು ವರ್ಷವಾದಾಗ ಶಾಲೆಯಲ್ಲೇ ಮೊದಲ ತಪಾಸಣೆ ಆಗಬೇಕು ಎಂಬ ಮಾರ್ಗಸೂಚಿ ಇದೆ. ಇಂಥ ಮಕ್ಕಳನ್ನು ಬೇಗ ಗುರುತಿಸುವುದು ಶಾಲೆಯ ಕರ್ತವ್ಯ ಎಂದು 2016ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ನಿಮಗೆ ಅನುಮಾನ ಇದ್ದರೆ ನೀವೇ ಕೇಳಿ.

ಕಾರ್ಡ್ ಸಿಕ್ಕಿದ ಮೇಲೆ ಒಂದು ಕೆಲಸ ಮರೆಯಬೇಡಿ. ಮಗುವಿನ ವೈಕಲ್ಯದ ವಿವರ, ವಿದ್ಯಾರ್ಥಿಗಳ ದಾಖಲೆ ಇರುವ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ನಮೂದಾಗಿದೆಯಾ ಎಂದು ಟೀಚರ್ ಹತ್ತಿರ ಕೂತು ನೋಡಿ. ಅಲ್ಲಿ ಮಗು ಇಲ್ಲದಿದ್ದರೆ ಇಲಾಖೆಯ ಲೆಕ್ಕದಲ್ಲಿ ಆ ಮಗು ಇಲ್ಲ. ಸಾಧನ ಸಲಕರಣೆ, ಭತ್ಯೆ, ಪರೀಕ್ಷೆಯ ರಿಯಾಯಿತಿ ಎಲ್ಲದಕ್ಕೂ ಆ ಒಂದು ನಮೂದು ಬೇಕಾಗುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನೆರವು, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಭತ್ಯೆಗೆ ಅವಕಾಶ ಇದೆ.

ಬಿಐಇಆರ್‌ಟಿ ಎಂಬ ಹೆಸರನ್ನೂ ಬರೆದಿಟ್ಟುಕೊಳ್ಳಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿರುವ, ವಿಶೇಷ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಇವರು. ಒಬ್ಬರಿಗೆ ಎಷ್ಟೋ ಶಾಲೆಗಳ ಹೊಣೆ ಇರುತ್ತದೆ, ಹಾಗಾಗಿ ತಾವಾಗಿ ಬರುತ್ತಾರೆ ಎಂದು ಕಾಯಬೇಡಿ. ಬಿಆರ್‌ಸಿಗೆ ಹೋಗಿ ಭೇಟಿ ಮಾಡಿ. ಶಾಲೆಗೆ ಹೋಗಲಾಗದಷ್ಟು ತೊಂದರೆ ಇರುವ ಮಗುವಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯೂ ಇವರ ಮೂಲಕವೇ.

ಟೀಚರ್ ಜೊತೆ ಮಾತು

ಮೊದಲ ಮಾತು ಯಾವಾಗಲೂ ತರಗತಿಯ ಟೀಚರ್ ಜೊತೆ. ಅವರ ಮೇಲೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಎಂಟ್ರಿ, ಒಟ್ಟಿಗೆ ಎರಡು ತರಗತಿ, ಎಲ್ಲ ಇರುತ್ತದೆ. ಅವರನ್ನು ಎದುರಾಳಿ ಮಾಡಿಕೊಳ್ಳಬೇಡಿ. ಮಗು ದಿನಕ್ಕೆ ಆರು ಗಂಟೆ ಇರುವುದು ಅವರ ಜೊತೆ.

ನಾನು ಅರ್ಜಿ ಬರೆಯುತ್ತೇನೆ ಅಂದಾಗ ನಮ್ಮ ಹೆಡ್‌ಮಾಸ್ಟ್ರು ಮೊದಲು ಸ್ವಲ್ಪ ಬೇಜಾರು ಮಾಡಿಕೊಂಡರು. "ಎಂತ ಅಮ್ಮ, ನಮ್ಮ ಮೇಲೆ ಕಂಪ್ಲೇಂಟಾ?" ಅಂದರು. "ಕಂಪ್ಲೇಂಟ್ ಅಲ್ಲ ಮಾಸ್ಟ್ರೇ. ನೀವು ಮೇಲಿನವರ ಹತ್ತಿರ ದುಡ್ಡು ಕೇಳಬೇಕಾದರೆ ನಿಮ್ಮ ಕೈಯಲ್ಲಿ ಒಂದು ಕಾಗದ ಬೇಡವಾ?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಮಾರಾಯ್ರೆ, ಪೋಷಕರೇ ಬರೆದು ಕೊಟ್ಟರೆ ನನಗೂ ಸುಲಭ" ಅಂದರು. ಅದು ನಿಜ. ಹೆಡ್‌ಮಾಸ್ಟ್ರು ಕೇಳಿದ್ದನ್ನು ಮೇಲಿನ ಕಚೇರಿ ಬದಿಗಿಡಬಹುದು. ಪೋಷಕರ ಅರ್ಜಿಯ ಜೊತೆ ಬಂದದ್ದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ.

ಅರ್ಜಿ ಬರೆಯುವ ರೀತಿ

ಒಂದು ಅರ್ಜಿಯಲ್ಲಿ ಒಂದೇ ವಿಷಯ. ರ‍್ಯಾಂಪ್, ಶೌಚಾಲಯ, ಶಿಕ್ಷಕರ ಕೊರತೆ ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಯಾವುದಕ್ಕೂ ಉತ್ತರ ಬರುವುದಿಲ್ಲ. ಸಿಟ್ಟು ಬೇಡ, ವಿಶೇಷಣ ಬೇಡ. ಏನು ಆಗಿದೆ, ಯಾವತ್ತು ಆಗಿದೆ, ಏನು ಬೇಕು, ಅಷ್ಟೇ. ನಾನು ಬರೆದದ್ದು ಸುಮಾರು ಹೀಗಿತ್ತು:

"ಮುಖ್ಯ ಶಿಕ್ಷಕರಿಗೆ,

ವಿಷಯ: ಶಾಲೆಯ ರ‍್ಯಾಂಪ್‌ಗೆ ಕೈಸರಳು ಅಳವಡಿಸುವ ಬಗ್ಗೆ.

ಮಾನ್ಯರೇ, ನನ್ನ ಮಗಳು ನಿಮ್ಮ ಶಾಲೆಯ 4ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳಿಗೆ ನಡೆಯಲು ತೊಂದರೆ ಇದೆ. ರ‍್ಯಾಂಪ್‌ಗೆ ಸರಳು ಇಲ್ಲದೆ, ಪಾಚಿ ಕಟ್ಟಿರುವುದರಿಂದ ಅವಳು ಎರಡು ಸಲ ಬಿದ್ದಿದ್ದಾಳೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್ ಪ್ರಕಾರ ಶಾಲೆಯ ಕಟ್ಟಡ ಮತ್ತು ಸೌಲಭ್ಯಗಳು ಅವಳಿಗೆ ಬಳಸಲು ಬರುವಂತಿರಬೇಕು. ಆದ್ದರಿಂದ ಎರಡೂ ಬದಿಗೆ ಸರಳು ಹಾಕಿಸಿ, ಅಲ್ಲಿಯವರೆಗೆ ವಾರಕ್ಕೊಮ್ಮೆ ಪಾಚಿ ತೆಗೆಸಬೇಕಾಗಿ ವಿನಂತಿ. ಈ ಕೆಲಸ ನಿಮ್ಮ ಮಟ್ಟದಲ್ಲಿ ಆಗದಿದ್ದರೆ ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ, ಆ ಪತ್ರದ ಪ್ರತಿಯನ್ನು ನನಗೆ ಕೊಡಬೇಕಾಗಿ ಕೋರುತ್ತೇನೆ. 30 ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ."

ಇದರಲ್ಲಿ ಕೊನೆಯ ಎರಡು ವಾಕ್ಯಗಳೇ ಜೀವ. ಸರಳು ಹಾಕಿಸಲು ಹೆಡ್‌ಮಾಸ್ಟ್ರ ಕೈಯಲ್ಲಿ ದುಡ್ಡು ಇಲ್ಲ, ಅದು ನಮಗೂ ಗೊತ್ತು. ಆದರೆ ಪತ್ರವನ್ನು ಮೇಲಕ್ಕೆ ಕಳುಹಿಸುವುದು ಅವರಿಂದ ಖಂಡಿತ ಆಗುತ್ತದೆ.

ಎರಡು ಪ್ರತಿ ಮಾಡಿ. ಒಂದು ಕೊಟ್ಟು, ಇನ್ನೊಂದರ ಮೇಲೆ "ಸ್ವೀಕರಿಸಿದೆ" ಎಂದು ಬರೆಸಿ ಸಹಿ, ತಾರೀಕು, ಶಾಲೆಯ ಸೀಲು ಹಾಕಿಸಿಕೊಳ್ಳಿ. ಕಚೇರಿಗಳಲ್ಲಾದರೆ ಟಪಾಲು ವಿಭಾಗದಲ್ಲಿ ಕೊಟ್ಟು ಆವಕ ಸಂಖ್ಯೆ ಬರೆಸಿಕೊಳ್ಳಿ. ಸೀಲು ಹಾಕಲು ಹಿಂಜರಿದರೆ ವಾದ ಮಾಡಬೇಡಿ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಎಸ್‌ಡಿಎಂಸಿ ಮತ್ತು ಪಂಚಾಯತ್

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಂದರೆ ಧ್ವಜಾರೋಹಣದ ದಿನ ವೇದಿಕೆಯಲ್ಲಿ ಕೂರುವವರು ಎಂದು ತುಂಬಾ ಜನ ತಿಳಿದಿದ್ದಾರೆ. ಆರ್‌ಟಿಇಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು, ಹಿಂದುಳಿದ ಸಮುದಾಯಗಳ ಪೋಷಕರಿಗೆ ಸರಿಯಾದ ಪಾಲು ಸಿಗಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಹಣ ಹೇಗೆ ಖರ್ಚಾಯಿತು ಎಂದು ನೋಡುವುದು ಅವರ ಕೆಲಸ. ನಿಮ್ಮ ವಿಷಯವನ್ನು ಸಭೆಯಲ್ಲಿ ಇಡಿಸಿ. ಚರ್ಚೆ ಆದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬರೆದದ್ದನ್ನು ಓದಿ, ಆಮೇಲೆ ಸಹಿ ಹಾಕಿ. ಖಾಲಿ ಪುಟಕ್ಕೆ ಸಹಿ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಮಹಿಳಾ ಸದಸ್ಯರಿಗೆ ಒಂದು ಮಾತು. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಬೀಡಿ ಕಟ್ಟುವವರು, ಗೋಡಂಬಿ ಕಾರ್ಖಾನೆಗೆ ಹೋಗುವವರು ಬರಲಾಗುವುದಿಲ್ಲ. ಸಮಯ ಬದಲಿಸಿ ಎಂದು ಕೇಳುವುದು ತಪ್ಪಲ್ಲ, ಕೇಳಿ.

ಸಣ್ಣ ಕಾಮಗಾರಿಗೆ ಪಂಚಾಯತ್ ಬಾಗಿಲು ಹತ್ತಿರ. ಗ್ರಾಮ ಪಂಚಾಯತ್‌ಗಳು ತಮ್ಮ ಸ್ವಂತ ಆದಾಯದಲ್ಲಿ ಶೇ. 5ನ್ನು ವಿಕಲಚೇತನರಿಗಾಗಿ ಎತ್ತಿಡಬೇಕು. ನಮ್ಮ ಸರಳು ಬಂದದ್ದು ಪಂಚಾಯತ್ ಮೂಲಕವೇ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಗೆ ನಿಮ್ಮ ಮಗುವನ್ನು ಕಳುಹಿಸಿ. ಅಲ್ಲಿ ಮಗುವೇ ಎದ್ದು ನಿಂತು ಕೇಳಿದ್ದನ್ನು ಅಧಿಕಾರಿಗಳು ಬರೆದುಕೊಳ್ಳಬೇಕು. ಮಂಗಳೂರು, ಉಡುಪಿ ಪೇಟೆಯವರು ಪಾಲಿಕೆ ಅಥವಾ ನಗರಸಭೆಗೆ ಹೋಗಬೇಕು.

ಶಾಲೆಯಲ್ಲಿ ಆಗದಿದ್ದರೆ ಮೇಲಕ್ಕೆ

ಮುಂದಿನ ಮೆಟ್ಟಿಲು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ತಾಲೂಕು ಬೇರೆ, ಶೈಕ್ಷಣಿಕ ವಲಯ ಬೇರೆ, ಇದನ್ನು ಗಮನಿಸಿ. ಮಂಗಳೂರಿನಲ್ಲಿ ಉತ್ತರ, ದಕ್ಷಿಣ ಎಂದು ಎರಡು ವಲಯ ಇವೆ. ಉಡುಪಿ ಜಿಲ್ಲೆಯಲ್ಲಿ ಉಡುಪಿ, ಬ್ರಹ್ಮಾವರ, ಕುಂದಾಪುರ, ಬೈಂದೂರು, ಕಾರ್ಕಳ. ನಿಮ್ಮ ಶಾಲೆ ಯಾವುದರಲ್ಲಿ ಎಂದು ಟೀಚರ್ ಹೇಳುತ್ತಾರೆ. ಅದರ ಮೇಲೆ ಜಿಲ್ಲೆಗೆ ಉಪನಿರ್ದೇಶಕರು, ಎಲ್ಲರ ಬಾಯಲ್ಲಿ ಡಿಡಿಪಿಐ.

ಹೊಸ ಅರ್ಜಿಯಲ್ಲಿ ಹಳೆಯದರ ತಾರೀಕು ಬರೆದು, ಸೀಲು ಹಾಕಿದ ಪ್ರತಿಯ ಜೆರಾಕ್ಸ್ ಲಗತ್ತಿಸಿ. "ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಅಡಿ ದೂರು" ಎಂದು ಮೇಲೆಯೇ ಬರೆಯಿರಿ. ಒಂದು ಪ್ರತಿ ಪಂಚಾಯತ್ ಅಥವಾ ನಗರಸಭೆಗೂ ಹೋಗಲಿ. ಆ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ಎರಡೂ ಕಡೆಯ ಮಾತು ಕೇಳಿ ತೀರ್ಮಾನ ಕೊಡಬೇಕು. ತೀರ್ಮಾನ ಸರಿ ಕಾಣದಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ವಿಷಯ ವೈಕಲ್ಯಕ್ಕೆ ಸಂಬಂಧಿಸಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೂ ಬರೆಯಬಹುದು. ವಿಚಾರಣೆ ನಡೆಸುವಾಗ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅಂಚೆಯಲ್ಲಿ ಕಳುಹಿಸಿದರೆ ಸಾಕು, ವಕೀಲರು ಬೇಕಿಲ್ಲ.

ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. "ಯಾಕೆ ಮಾಡಿಲ್ಲ?" ಎಂದು ಕೇಳಿದರೆ ಉಪಯೋಗ ಇಲ್ಲ. "ನನ್ನ ಇಂಥ ತಾರೀಕಿನ ಅರ್ಜಿಯ ಮೇಲೆ ಕಡತದಲ್ಲಿ ಬರೆದಿರುವ ಟಿಪ್ಪಣಿಗಳ ಪ್ರತಿ ಕೊಡಿ" ಎಂದು ಕೇಳಿ. ಎಷ್ಟೋ ಸಲ ಈ ಅರ್ಜಿ ತಲುಪಿದ ವಾರದಲ್ಲೇ ಕಡತ ಎದ್ದು ಓಡಾಡುತ್ತದೆ.

ದೂರು ಕೊಟ್ಟರೆ ಮಗುವಿಗೆ ತೊಂದರೆ ಆಗುತ್ತದಾ ಎಂಬ ಭಯ ನನಗೂ ಇತ್ತು. ಒಬ್ಬರೇ ಹೋಗಬೇಡಿ, ಇನ್ನಿಬ್ಬರು ಪೋಷಕರ ಸಹಿ ಸೇರಿಸಿ. ಮೂರು ಸಹಿ ಇರುವ ಕಾಗದದಲ್ಲಿ ಯಾವ ಒಂದು ಮಗುವೂ ಎದ್ದು ಕಾಣುವುದಿಲ್ಲ.

ಎಸ್ಸೆಸ್ಸೆಲ್ಸಿಗೆ ಒಂದು ವರ್ಷ ಮೊದಲೇ

ಬರೆಯಲು ಸಹಾಯಕರು, ಹೆಚ್ಚುವರಿ ಸಮಯ, ಭಾಷಾ ವಿಷಯಗಳಲ್ಲಿ ವಿನಾಯಿತಿ, ಇವೆಲ್ಲ ಅರ್ಹ ಮಕ್ಕಳಿಗೆ ಇವೆ. ಆದರೆ ಹಾಲ್ ಟಿಕೆಟ್ ಬಂದ ಮೇಲೆ ಕೇಳಿದರೆ ಆಗುವುದಿಲ್ಲ. ಶಾಲೆಯ ಮುಖ್ಯ ಶಿಕ್ಷಕರು ದಾಖಲೆಗಳ ಜೊತೆ ಪರೀಕ್ಷಾ ಮಂಡಳಿಗೆ ಮುಂಚಿತವಾಗಿ ಕಳುಹಿಸಬೇಕು. ಹಾಗಾಗಿ ಒಂಬತ್ತನೇ ತರಗತಿಯಲ್ಲೇ ಪ್ರಮಾಣಪತ್ರ ಕೈಯಲ್ಲಿರಲಿ. ಒಂಬತ್ತರ ಪರೀಕ್ಷೆಯನ್ನು ಸಹಾಯಕರ ಜೊತೆ ಬರೆದು ಅಭ್ಯಾಸ ಮಾಡಿಸಿ. ಉತ್ತರ ಬಾಯಲ್ಲಿ ಹೇಳಿ ಬರೆಸುವುದೂ ಕಲಿಯಬೇಕಾದ ಕೆಲಸ.

ಫೈಲು

ಎಲ್ಲ ಕಾಗದವನ್ನೂ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಇಡಿ. ನಮ್ಮ ಮಳೆಗೆ ಕಾಗದ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರ್ ಒಳಗೆ ಹಾಕಿಟ್ಟು, ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಮಗು ಹೈಸ್ಕೂಲಿಗೆ ಹೋದಾಗ ಹೊಸ ಟೀಚರ್‌ಗಳಿಗೆ ಅದರ ವಿಷಯ ಏನೂ ಗೊತ್ತಿರುವುದಿಲ್ಲ, ಹಳೆಯ ಶಾಲೆಯಲ್ಲಿ ಸಿಕ್ಕಿದ್ದು ತಾನಾಗಿ ಅಲ್ಲಿಗೆ ಬರುವುದಿಲ್ಲ. ನನ್ನ ಮಗಳು ಎಂಟನೇ ತರಗತಿಗೆ ಸೇರಿದ ದಿನ ನಾನು ಫೈಲಿನ ಒಂದು ಸೆಟ್ ಜೆರಾಕ್ಸ್ ಮಾಡಿಸಿಕೊಂಡು ಹೋದೆ. ಹೊಸ ಹೆಡ್‌ಮಾಸ್ಟ್ರಿಗೆ ಕೊಟ್ಟೆ. ಅವರು ಓದಿ ನೋಡಿ, ಮೇಲಿನ ಮಹಡಿಯಲ್ಲಿದ್ದ ಎಂಟನೇ ತರಗತಿಯನ್ನು ಜೂನ್ ಮುಗಿಯುವುದರೊಳಗೆ ಕೆಳಗೆ ತಂದರು.